ಮರದ ಕೆಳಗಿನ ಅತ್ತಿಗೆ

ನಮ್ಮ ಬೀದಿಯಲ್ಲಿ ಆಕೆಯನ್ನು ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ. ಮೈದುನನು ಮರದ ಮೇಲಿನಿಂದ ದಿನವಿಡೀ ‘ಅತ್ತಿಗೇ’ ಎಂದು ಕೂಗುವುದನ್ನು ಕೇಳಿ ಕೇಳಿ ಎಲ್ಲರಿಗೂ ಆಕೆ ಅತ್ತಿಗೆಯಾಗಿಬಿಟ್ಟಿದ್ದಾಳೆ. ಒಂದು ಕಾಲದಲ್ಲಿ ನನ್ನ ತರಗತಿಯಲ್ಲಿ ಕುಳಿತು, ಪಾಠ ಕೇಳದೆ ಕಿಟಕಿಯಾಚೆ ನೋಡುತ್ತಿದ್ದ ಹುಡುಗಿ. ಈಗ ನನ್ನ ಬಾಯಲ್ಲೂ ಅತ್ತಿಗೆಯೇ. “ಮೇಷ್ಟ್ರೇ, ನಿಮಗೂ ನಾನು ಅತ್ತಿಗೇನಾ?” ಎಂದು ನಗುತ್ತಾಳೆ.

ಆಕೆಯ ಉದ್ಯೋಗ ಮೇಲೆ ನೋಡುವುದು. ಮೈದುನನು ಮರ ಹತ್ತಿ, ಒಣಗಿದ, ಮುರಿದ, ಸೂರಿನ ಮೇಲೆ ಬಾಗಿದ ಕೊಂಬೆಗಳನ್ನು ಕತ್ತರಿಸುತ್ತಾನೆ. ಆಕೆ ಕೆಳಗೆ ನಿಂತು ಹಗ್ಗಗಳು ಸಿಕ್ಕಾಗದಂತೆ ಬಿಡಿಸುತ್ತಾಳೆ, ಮೋಟಾರು ಗರಗಸವನ್ನು ಕಟ್ಟಿ ಮೇಲಕ್ಕೆ ಕಳುಹಿಸುತ್ತಾಳೆ, ದಾರಿಹೋಕರನ್ನು ಗದರಿಸಿ ದೂರವಿಡುತ್ತಾಳೆ. ಸಂಜೆಯ ಹೊತ್ತಿಗೆ ಕತ್ತು ಮರಗಟ್ಟಿರುತ್ತದೆ. ಒಲೆಯ ಮುಂದೆ ನಿಂತಾಗಲೂ ಗದ್ದ ಮೇಲೆಯೇ ಇರುತ್ತದಂತೆ. “ಇವಳು ಅಡುಗೆ ಮಾಡೋದು ಪಾತ್ರೆ ನೋಡ್ಕೊಂಡಲ್ಲ, ಸೂರು ನೋಡ್ಕೊಂಡು” ಎಂದು ಗಂಡ ಹಾಸ್ಯ ಮಾಡುತ್ತಾನೆ.

ಮೊದಲು ಮರ ಹತ್ತುತ್ತಿದ್ದವನು ಆ ಗಂಡನೇ. ಆಗ ಇದ್ದುದು ಒಂದೇ ಹಗ್ಗ. ಅದನ್ನು ಹಾಯಿಸಿದ್ದ ಕವಲು ಒಂದು ದಿನ ಸೀಳಿತು. ಜೀವ ಉಳಿಯಿತು, ಸೊಂಟ ಉಳಿಯಲಿಲ್ಲ. ಈಗ ಮನೆಯ ಹಿಂದಿನ ಶೆಡ್ಡಿನಲ್ಲಿ ಸ್ಟೂಲಿನ ಮೇಲೆ ಕುಳಿತು ಗರಗಸದ ಹಲ್ಲುಗಳನ್ನು ಅರದಿಂದ ಮಸೆಯುತ್ತಾನೆ. “ಮರ ಹತ್ತೋದ್ರಲ್ಲಿ ನನ್ನನ್ನ ಸೋಲಿಸೋರು ಇರಬಹುದು, ಇಳಿಯೋದ್ರಲ್ಲಿ ನನ್ನಷ್ಟು ಬೇಗ ಇನ್ನೂ ಯಾರೂ ಇಳಿದಿಲ್ಲ” ಎಂದು ಬಂದವರನ್ನೆಲ್ಲ ನಗಿಸುತ್ತಾನೆ. ಅತ್ತಿಗೆ ಆ ಮಾತಿಗೆ ಒಮ್ಮೆಯೂ ನಕ್ಕದ್ದನ್ನು ನಾನು ಕಂಡಿಲ್ಲ.

ತಮ್ಮನು ತಾನೂ ಅದೇ ಕೆಲಸಕ್ಕೆ ಇಳಿಯುತ್ತೇನೆಂದಾಗ ಅಣ್ಣನು ಒಂದು ಕಟ್ಟಳೆ ಮಾಡಿದನು. ಎರಡು ಹಗ್ಗ ಇರಬೇಕು. ಒಂದೊಂದಕ್ಕೂ ಬೇರೆ ಬೇರೆ ಗಂಟು, ಬೇರೆ ಬೇರೆ ಕೊಂಬೆ. ಒಂದು ಹಗ್ಗಕ್ಕೆ ಗರಗಸ ತಗಲಲಿ, ಒಂದು ಕೊಂಬೆ ಕೈಕೊಡಲಿ, ಇನ್ನೊಂದು ಹಿಡಿಯಬೇಕು. ಪ್ರತಿಯೊಂದು ಕಡಿತಕ್ಕೂ ಮೊದಲು ಮೇಲಿದ್ದವನು “ಎಷ್ಟು?” ಎಂದು ಕೂಗಬೇಕು. ಕೆಳಗಿದ್ದವಳು ಕಣ್ಣಾರೆ ನೋಡಿ “ಎರಡು!” ಎನ್ನಬೇಕು. ಆ ಉತ್ತರ ಬರುವವರೆಗೆ ಗರಗಸವು ಮರವನ್ನು ಮುಟ್ಟಬಾರದು.

ಮೈದುನನಿಗೆ ಅಳಿಲು ಎಂದು ಅಡ್ಡಹೆಸರು. ಸಣಕಲು ಮೈ, ನಿಂತಲ್ಲಿ ನಿಲ್ಲದ ಕಾಲು. ಅವನಿಗೆ ಎರಡನೆಯ ಹಗ್ಗವೆಂದರೆ ಕಾಲಿಗೆ ಸುತ್ತಿಕೊಂಡ ಪೀಡೆ. ಅದು ಚಿಗುರಿಗೆ ಸಿಕ್ಕಿಕೊಳ್ಳುತ್ತದೆ, ಮೊದಲನೆಯದರ ಸುತ್ತ ಹೊಸೆದುಕೊಳ್ಳುತ್ತದೆ, ಬೇಗ ಮುಗಿಯುವ ಕೆಲಸವನ್ನು ಎಳೆದಾಡಿಸುತ್ತದೆ.

“ಅಳಿಲಿಗೆ ಯಾರಾದ್ರೂ ಹಗ್ಗ ಕಟ್ತಾರಾ ಅತ್ತಿಗೆ?”

“ಅಳಿಲಿಗೆ ಬಾಲ ಇದೆ. ನಿನಗೇನಿದೆ, ಬಾಯಿ!”

ಅದೊಂದು ಭಾನುವಾರ. ಹಿಂದಿನ ವಾರದ ಗಾಳಿಗೆ ನಮ್ಮ ಶಾಲೆಯ ಅಂಗಳದ ದೊಡ್ಡ ಮರದಲ್ಲಿ ಒಂದು ಹೆಗ್ಗೊಂಬೆ ಅರ್ಧ ಮುರಿದು, ಮಕ್ಕಳು ಗೇಟಿನಿಂದ ಒಳಬರುವ ದಾರಿಯ ಮೇಲೆ ತೂಗುತ್ತಿತ್ತು. ಮರುದಿನ ರಜೆ ಮುಗಿದು ಬಾಗಿಲು ತೆರೆಯಬೇಕು. ಮುಖ್ಯೋಪಾಧ್ಯಾಯಿನಿ ಊರಲ್ಲಿರಲಿಲ್ಲವಾದ್ದರಿಂದ, ನಿವೃತ್ತನಾದರೂ ಹತ್ತಿರದಲ್ಲೇ ಇರುವ ನನಗೆ “ಸ್ವಲ್ಪ ನಿಂತು ನೋಡಿ” ಎಂದಿದ್ದರು. ಜವಾನನೂ ನಾನೂ ವರಾಂಡದಲ್ಲಿ ಕುಳಿತೆವು.

ಅತ್ತಿಗೆ-ಮೈದುನರು ಬರುವಾಗಲೇ ಮುಖ ಊದಿಸಿಕೊಂಡಿದ್ದರು. ಬೆಳಗ್ಗೆ ಆಕೆಯು ಹಳೆಯದಾದ ಎರಡನೆಯ ಹಗ್ಗವನ್ನು ಬಿಸಾಡಿ ಹೊಸದನ್ನು ಹೊರಗೆ ತೆಗೆದಿದ್ದಳು. ಅವನಿಗೆ ಹಳೆಯದೇ ಕೈಗೆ ಹೊಂದಿತ್ತು. “ಹಾವು ಕಂಡವರಿಗೆ ಹಗ್ಗ ಕಂಡ್ರೂ ಹೆದರಿಕೆಯಂತೆ. ಇವರಿಗೆ ಹಗ್ಗ ಎಲ್ಲಾ ಹಾವೇ” ಎಂದು ನನಗೆ ಕೇಳುವಂತೆ ಗೊಣಗುತ್ತಲೇ ಅವನು ಮೇಲೇರಿದನು. ಗಾಳಿ ಮೆಲ್ಲಗೆ ಏಳುತ್ತಿತ್ತು.

“ಎಷ್ಟು?”

“ಎರಡು!”

ಒಂದು ರೆಂಬೆ ಬಿದ್ದಿತು. ಮತ್ತೆ ಅದೇ ಪ್ರಶ್ನೆ, ಅದೇ ಉತ್ತರ, ಇನ್ನೊಂದು ಬಿದ್ದಿತು. ಉಳಿದದ್ದು ಹೆಗ್ಗೊಂಬೆ. ಅದರ ಕಡೆಗೆ ಅವನು ಕೈಕಾಲು ಚಾಚಿ ಸರಿಯುತ್ತಿದ್ದಂತೆ ಅತ್ತಿಗೆಯು ಬುಡವನ್ನು ಒಂದು ಸುತ್ತು ಬಂದಳು. ಆ ಬದಿಯಲ್ಲಿ ಗಾಳಿಯು ಎಲೆಗಳನ್ನು ಒಂದು ಕ್ಷಣ ಸರಿಸಿತು. ಆಕೆ ನಿಂತಲ್ಲೇ ನಿಂತಳು.

ಕೆಳಗಿನಿಂದ ಬೇರೆ ಬೇರೆಯಾಗಿ ಕಾಣುತ್ತಿದ್ದ ಎರಡು ಹಗ್ಗಗಳು ಎಲೆಗಳ ಮರೆಯಲ್ಲಿ ಒಂದೇ ಕವಲಿನ ಮೇಲೆ ಹಾಯ್ದಿದ್ದವು. ಕವಲಿನ ಕೆಳಗೆ ಕಪ್ಪು ಕಲೆಯೊಂದು ಇಳಿದಿತ್ತು. ಅದರ ಅಂಚಿನಲ್ಲಿ ಕಿವಿಯಾಕಾರದ ಅಣಬೆ.

ಆ ಗಳಿಗೆಯಲ್ಲಿ ತನಗೆ ಕೊಂಬೆ ಕಾಣಲಿಲ್ಲ, ತಾನು ಆಗಲೇ ಹೇಳಿಬಿಟ್ಟಿದ್ದ ‘ಎರಡು’ಗಳೇ ಕಿವಿಯಲ್ಲಿ ಕೇಳಿದವು ಎಂದು ಆಕೆ ಆಮೇಲೆ ನನಗೆ ಹೇಳಿದಳು.

“ಎಷ್ಟು?” ಮೇಲಿನಿಂದ ಕೂಗು ಬಂದಿತು.

ಆಕೆ ಇನ್ನೊಂದು ಹೆಜ್ಜೆ ಸರಿದು ಮತ್ತೆ ದಿಟ್ಟಿಸಿದಳು.

“ಅತ್ತಿಗೇ, ಎಷ್ಟು?”

“ಒಂದು.”

“ಏನು ಒಂದು? ಕಣ್ಣಿಗೆ ಮಂಜು ಬಂತಾ? ಎಣಿಸಿ ನೋಡಿ!”

“ಹಗ್ಗ ಎರಡು, ಕೊಂಬೆ ಒಂದೇ. ಅದೂ ಕೊಳೆತಿದೆ. ಎರಡನೇದನ್ನ ಆಚೆ ಕಾಂಡಕ್ಕೆ ಹಾಕು.”

“ಆಚೆ ಹಾಕಿದ್ರೆ ಇಲ್ಲಿ ತನಕ ಸರಿಯೋಕಾಗಲ್ಲ, ಎಳೀತದೆ. ಇದೊಂದೇ ಕೊಂಬೆ ಉಳಿದಿರೋದು. ಗಾಳಿ ನೋಡಿ. ಬೇಗ ಎರಡು ಅನ್ನಿ, ಇಳಿದುಬಿಡ್ತೀನಿ.”

“ಅನ್ನಲ್ಲ.”

ಜವಾನನು ನನ್ನ ಕಿವಿಯ ಹತ್ತಿರ ಬಾಗಿ, “ಇವರ ಜಗಳದಲ್ಲಿ ಮರ ಬಡವಾಯ್ತು ಮೇಷ್ಟ್ರೇ” ಎಂದನು. ನಗಲು ಹೋದವನು ನಾನು, ನಗಲಾಗಲಿಲ್ಲ. ಮೇಲೆ ಗರಗಸ ಗುರ್ರೆಂದು ಶುರುವಾಯಿತು. ‘ಎರಡು’ ಎಂಬ ಉತ್ತರಕ್ಕೆ ಕಾಯದೆ ಅವನು ಅದನ್ನು ಚಾಲೂ ಮಾಡಿದ್ದು ಅದೇ ಮೊದಲು.

ಅತ್ತಿಗೆ ಕೂಗಲಿಲ್ಲ. ಕೊಂಬೆ ಬೀಳುವ ಜಾಗದ ಸುತ್ತ ತಾನೇ ಕಟ್ಟಿದ್ದ ಕೆಂಪು ಪಟ್ಟಿಯನ್ನು ಎತ್ತಿ, ಬಗ್ಗಿ ಒಳಗೆ ಹೋಗಿ, ತೂಗುತ್ತಿದ್ದ ಹೆಗ್ಗೊಂಬೆಯ ನೇರ ಕೆಳಗೆ ನಿಂತು, ತಲೆಯೆತ್ತಿ ನೋಡಿದಳು. ನಾನು ಎದ್ದು ನಿಂತೆ. ಕೊಂಬೆಯು ಗಾಳಿಗೆ ಕಿರುಗುಟ್ಟುತ್ತಿತ್ತು. ಅದು ಬೀಳಲು ಅವನ ಗರಗಸವೇ ಬೇಕೆಂದಿರಲಿಲ್ಲ.

ಗರಗಸ ನಿಂತಿತು.

“ಹುಚ್ಚು ಹಿಡೀತಾ ನಿಮಗೆ? ಆಚೆ ಹೋಗಿ!”

“ನೀನು ಆಚೆ ಹಾಕು, ನಾನು ಆಚೆ ಹೋಗ್ತೀನಿ.”

“ನಾಳೆಯಿಂದ ಬೇರೆಯವರನ್ನ ಕರ್ಕೊಂಡು ಬರ್ತೀನಿ. ನೀವು ಮನೇಲೇ ಇರಿ!”

“ನಾಳೆ ಕರ್ಕೊಂಡು ಬಾ. ಇವತ್ತು ಹಾಕು.”

ಅವನು ಬಯ್ಯುತ್ತಲೇ ಹಿಂದಕ್ಕೆ ಸರಿದನು. ಹೊಸ ಹಗ್ಗವನ್ನು ಕವಲಿನಿಂದ ಬಿಡಿಸಿ, ಸುರುಳಿ ಮಾಡಿ, ಆಚೆ ಬದಿಯ ಗಟ್ಟಿ ಕಾಂಡದತ್ತ ಎಸೆದನು. ತಪ್ಪಿತು. ಮತ್ತೆ ಎಸೆದನು. ಅಷ್ಟು ಹೊತ್ತೂ ಆಕೆ ಆ ಕೊಂಬೆಯ ಕೆಳಗಿನಿಂದ ಕದಲಲಿಲ್ಲ. ಕೊನೆಗೂ ಹಗ್ಗ ಸುತ್ತಿ ಬಂದು, ಗಂಟು ಬಿದ್ದು, ಬಿಗಿಯಾದುದನ್ನು ಕಂಡ ಮೇಲೆಯೇ ಪಟ್ಟಿಯಿಂದ ಹೊರಗೆ ಬಂದಳು.

“ಎಷ್ಟು?” ಈ ಬಾರಿ ದನಿಯಲ್ಲಿ ಬರೀ ಸಿಟ್ಟು.

ಆಕೆ ಬುಡವನ್ನು ಪೂರ್ತಿ ಒಂದು ಸುತ್ತು ಬಂದು ನೋಡಿದಳು.

“ಎರಡು!”

ಗರಗಸ ಕೊರೆಯಿತು. ಹೆಗ್ಗೊಂಬೆ ತೊಟ್ಟು ಕಳಚಿಕೊಂಡು ಧೊಪ್ಪೆಂದು ನೆಲಕ್ಕೆ ಬಿದ್ದಿತು. ವರಾಂಡದ ಕಿಟಕಿಗಳು ಗಲಗಲ ಎಂದವು. ಭಾರ ಕಳೆದುಕೊಂಡ ಮರವು ಬೆನ್ನು ನೆಟ್ಟಗೆ ಮಾಡಿಕೊಳ್ಳುವಂತೆ ಒಮ್ಮೆಲೇ ಹಿಂದಕ್ಕೆ ಚಿಮ್ಮಿತು. ಆ ರಭಸಕ್ಕೆ ಮೇಲೆಲ್ಲೋ ಒದ್ದೆ ಹಲಗೆ ಸೀಳಿದಂಥ ಸದ್ದು. ಕವಲು ಅರ್ಧಕ್ಕೆ ಹರಿದು ಜೋತುಬಿದ್ದಿತು. ಅದರ ಮೇಲಿದ್ದ ಹಗ್ಗವು ಸಡಿಲಾಗಿ ಎಲೆಗಳ ನಡುವೆ ಜಾರಿತು. ಅವನು ಕಾಲು ತಪ್ಪಿ, ಕಾಂಡದ ಕಡೆಗೆ ತೂಗಿ, ಭುಜ ಬಡಿಸಿಕೊಂಡು, ಹೊಸ ಹಗ್ಗವೊಂದರಲ್ಲೇ ನೇತಾಡಿದನು. ಗರಗಸವು ಸೊಂಟದ ಪಟ್ಟಿಯಿಂದ ಸದ್ದಿಲ್ಲದೆ ತೂಗುತ್ತಿತ್ತು.

ಜವಾನನು ನನ್ನ ತೋಳನ್ನು ಹಿಡಿದುಕೊಂಡಿದ್ದನು. ಎಲೆಗಳು ಉದುರುತ್ತಲೇ ಇದ್ದವು.

ಕೇಳಿದವಳು ಅತ್ತಿಗೆ. ಸಂತೆಯಲ್ಲಿ ಸೊಪ್ಪಿನ ಬೆಲೆ ಕೇಳುವವರ ಹಾಗೆ ಕೇಳಿದಳು:

“ಎಷ್ಟು?”

ಮೇಲಿನಿಂದ ಉತ್ತರ ಬಂದಿತು. ಅದು ಅಳಿಲಿನ ದನಿಯಾಗಿರಲಿಲ್ಲ.

“ಒಂದು... ಒಂದೇ ಅತ್ತಿಗೆ.”

“ಕೈಕಾಲು ಆಡ್ತಾ ಇದೆಯಾ?”

“ಭುಜ ನೋಯ್ತಿದೆ. ಆಡ್ತದೆ.”

“ಹಾಗಾದ್ರೆ ಬೇಗ ಇಳಿಯೋಕೆ ಹೋಗಬೇಡ. ಬಿಟ್ಟ ಹಗ್ಗ ಎಳ್ಕೊ. ಗಟ್ಟಿ ಜಾಗ ನೋಡಿ ಹಾಕು. ಆಮೇಲೆ ಕೇಳು.”

ಅವನು ಹಗ್ಗವನ್ನು ಎಳೆದುಕೊಂಡನು, ಕೊಂಬೆಯೊಂದನ್ನು ಕೈಯಿಂದ ತಟ್ಟಿ ತಟ್ಟಿ ನೋಡಿದನು, ಹಾಕಿದನು. “ಎಷ್ಟು ಅತ್ತಿಗೆ?” ಎಂದು ಕೇಳಿದನು. ಆಕೆ ಮತ್ತೊಮ್ಮೆ ಬುಡವನ್ನು ಸುತ್ತಿ ಬಂದು “ಎರಡು” ಎಂದ ಮೇಲೆಯೇ ಅಂಗುಲ ಅಂಗುಲವಾಗಿ ಇಳಿಯತೊಡಗಿದನು.

ನೆಲ ಮುಟ್ಟಿದವನು ಸ್ವಲ್ಪ ಹೊತ್ತು ಕಾಂಡಕ್ಕೆ ಒರಗಿ ನಿಂತನು. ಆಮೇಲೆ ಆಕೆಯ ಎದುರಿಗೆ ಬಂದನು. ಆಕೆ ಇನ್ನೂ ಮೇಲಕ್ಕೇ ನೋಡುತ್ತಿದ್ದಳು. ಎರಡು ಹಗ್ಗಗಳೂ ಖಾಲಿಯಾಗಿ ತೂಗುತ್ತಿದ್ದವು.

“ಅತ್ತಿಗೆ, ಕತ್ತು ಇಳಿಸಿ. ನಾನು ಇಲ್ಲೇ ಇದ್ದೀನಿ.”

“ಇಳೀತಿಲ್ಲ ಕಣೋ” ಎಂದಳು ಆಕೆ.

ಅವನು ಕೈಗವಸು ಬಿಚ್ಚಿ, ಆಕೆಯ ಕತ್ತಿನ ಹಿಂದೆ ಅಂಗೈಯಿಟ್ಟು, ಮೆಲ್ಲಗೆ ಒತ್ತುತ್ತ ಆಕೆಯ ತಲೆಯನ್ನು ಕೆಳಗಿಳಿಸಿದನು.