ಹಲ್ಲಕ್ಕ ಹಿಡಿದ ರೆಕ್ಕೆ

ಕಟ್ಟಿಸಿಕೊಳ್ಳುವ ಹಲ್ಲಿನ ಸೆಟ್ಟು ತಯಾರಿಸುವುದು ಅವಳ ಕೆಲಸವಾದ್ದರಿಂದ ಬೀದಿಯವರೆಲ್ಲ ಅವಳನ್ನು ಹಲ್ಲಕ್ಕ ಎನ್ನುತ್ತಿದ್ದರು. ಭಾನುವಾರ ಮಾತ್ರ ಹಲ್ಲುಗಳಿಗೆ ರಜೆ ಕೊಟ್ಟು ಪ್ಲಾಸ್ಟಿಕ್ಕಿನ ಪುಟ್ಟ ಯುದ್ಧವಿಮಾನಗಳನ್ನು ಜೋಡಿಸುತ್ತಿದ್ದಳು. ಈ ಸಲದ ವಿಮಾನದಲ್ಲಿ ಪೈಲಟ್ಟಿನ ಸೀಟಿಗೆ ಬೆಂಕಿಕಡ್ಡಿಗಿಂತ ಸಣ್ಣ ಕುಂಚದಿಂದ ಬಣ್ಣ ಬಳಿದಾಗಿತ್ತು. ಇನ್ನು ಉಳಿದದ್ದು ರೆಕ್ಕೆಗಳು. ಅಂಟು ಹಚ್ಚಿದ ಮೇಲೆ ಹತ್ತು ನಿಮಿಷ ಎರಡೂ ಕೈಯಿಂದ ಅಲುಗದಂತೆ ಹಿಡಿದಿರಬೇಕು. ಹಿಂದಿನ ಸಲ ಹಾಲು ಉಕ್ಕೀತೆಂದು ನಡುವೆ ಎದ್ದು ಓಡಿದ್ದಳು. ಹಾಲೇನೋ ಉಳಿಯಿತು, ರೆಕ್ಕೆ ಸೊಟ್ಟಗಾಗಿ ವಿಮಾನ ಕಸದ ಬುಟ್ಟಿ ಸೇರಿತು. ಈ ಸಲ ಏನೇ ಆದರೂ ಏಳುವುದಿಲ್ಲವೆಂದು ಪಣ ತೊಟ್ಟಿದ್ದಳು.

ರೆಕ್ಕೆ ಹಿಡಿದು ಎರಡು ನಿಮಿಷವಾಗಿರಲಿಲ್ಲ, ಅಡುಗೆಮನೆಯಿಂದ ಗಂಡನ ದನಿ ಬಂತು.

"ಲೇ, ಟೀ ಪುಡಿ ಎಲ್ಲಿಟ್ಟಿದ್ದೀಯೇ?"

"ಇಪ್ಪತ್ತು ವರ್ಷದಿಂದ ಎಲ್ಲಿತ್ತೋ ಅಲ್ಲೇ ಇದೆ ರೀ."

"ಒಂದ್ನಿಮಿಷ ಬಂದು ತೋರಿಸಬಾರದಾ?"

"ನಾನು ಎದ್ರೆ ವಿಮಾನ ಬೀಳತ್ತೆ!"

ಪಕ್ಕದಲ್ಲಿ ಕೂತಿದ್ದ ಅತ್ತೆಗೆ ನಗು ತಡೆಯಲಾಗಲಿಲ್ಲ. "ಕಣ್ಣು ಬಿಟ್ಟು ಹುಡುಕೋ, ನಿನ್ನ ಮೂಗಿನ ಮುಂದೇ ಇರತ್ತೆ. ಹಾಗೇ ನನಗೂ ಒಂದು ಲೋಟ ಮಾಡು."

ಒಳಗೆ ಡಬ್ಬಿಗಳು ದಡಬಡ ಎಂದವು. ಏನೋ ಉರುಳಿತು. ಹಲ್ಲಕ್ಕ ಕತ್ತು ಕೂಡ ತಿರುಗಿಸಲಿಲ್ಲ. ಬಹಳ ಹೊತ್ತಿನ ಮೇಲೆ ಟೀ ಬಂತು. ಅವಳ ಕೈ ಖಾಲಿ ಇಲ್ಲದ್ದರಿಂದ ಗಂಡನೇ ಲೋಟವನ್ನು ಬಾಯಿಗೆ ಹಿಡಿದ.

"ಅಂಟಿತೇನೇ?"

ಅಂಟಿ ಆಗಲೇ ಕಾಲು ಗಂಟೆಯಾಗಿತ್ತು.

"ಎಲ್ಲಿ ಅಂಟತ್ತೆ ರೀ," ಎಂದಳು. "ಇದಾದ ಮೇಲೆ ಎಡಗಡೆ ರೆಕ್ಕೆ ಬೇರೆ ಇದೆ. ಅಷ್ಟರಲ್ಲಿ ಆ ಪಾತ್ರೆಗಳನ್ನ ತೊಳೆದುಬಿಡಿ."