ಅತ್ತೆ ಹೇಳಿದ ಹೆಸರು

"ಆ ಹನ್ನೆರಡ ಶಬ್ದ ಯಾರ ಮುಂದೂ ಹೇಳಬಾರದೇನ?" ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತಿದ್ದ ಅತ್ತೆ ಕೈ ನಿಲ್ಲಿಸಿ ಕೇಳಿದರು.

ಬನಹಟ್ಟಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು, ಎಕ್ಸ್‌ಚೇಂಜಿನಲ್ಲಿದ್ದ ನನ್ನ ಕ್ರಿಪ್ಟೋ ಹಣವನ್ನು ಫೋನಿನೊಳಗಿನ ಸ್ವಂತ ವಾಲೆಟ್ಟಿಗೆ ಕಳಿಸುತ್ತಿದ್ದೆ. ವಾಲೆಟ್ ಕೊಟ್ಟ ಹನ್ನೆರಡು ಶಬ್ದಗಳೇ ಅದರ ಕೀಲಿ. ಅವನ್ನು ವಹಿಯಲ್ಲಿ ಬರೆದುಕೊಂಡಿದ್ದೆ.

"ಹೌದ್ರಿ ಅತ್ತಿ. ಹೇಳಿದ್ರೂ ಹೋತು, ಮರತ್ರೂ ಹೋತು" ಎಂದೆ. ಎರಡೂ ಕಡೆ ಒಂದೇ ನೆಟ್‌ವರ್ಕ್ ಇದೆಯೆಂದು ಮತ್ತೊಮ್ಮೆ ನೋಡಿ, ಮೊದಲು ಒಂದು ಚೂರು ಮಾತ್ರ ಕಳಿಸಿ, ಅದು ಮುಟ್ಟಲೆಂದು ಕಾಯುತ್ತ ಕೂತೆ.

ಅತ್ತೆ ನೂಲಿನತ್ತ ನೋಡುತ್ತಲೇ ಅಂದರು: "ನಾನೂ ಒಂದ ಹೆಸರ ಹಂಗ ಇಟ್ಕೊಂಡ ಕುಂತೇನಿ, ಯವ್ವಾ. ನಿಮ್ಮ ಮಾವಾರು ಇರೂತನಕ ಮಂದಿ ಕಾಡಿ ಕಾಡಿ ಒಡಪಿನ್ಯಾಗ ಹೇಳಸ್ತಿದ್ರು. ಅವರು ಹೋದಮ್ಯಾಲ ಯಾರೂ ಕೇಳಂಗಿಲ್ಲ."

ಹೆಂಡತಿ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದು ಒಡಪಿನ ಪ್ರಾಸದಲ್ಲಿ ಹೆಣೆದು ಮಾತ್ರ; ಗಂಡ ತೀರಿದವಳಿಗೆ ಒಡಪು ಹೇಳೆನ್ನುವುದಿಲ್ಲ ನಮ್ಮಲ್ಲಿ. ಅದು ಎಂಥ ಬಾಯಿಕಟ್ಟೆಂದು ನನಗೆ ಹೊಳೆದೇ ಇರಲಿಲ್ಲ.

"ನಾ ಕೇಳಾಕತ್ತೇನ್ರಿ. ಈಗ ಹೇಳ್ರಿ" ಎಂದೆ.

ಅವರು ಒಡಪು ಕಟ್ಟಲಿಲ್ಲ. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಒಳಕೋಣೆಯಲ್ಲಿದ್ದವರನ್ನು ಕರೆಯುವ ದನಿಯಲ್ಲಿ "ಈರಪ್ಪ" ಎಂದರು. ಅಷ್ಟರಲ್ಲಿ ಫೋನು ಸದ್ದು ಮಾಡಿತು. ಕಳಿಸಿದ್ದು ಮುಟ್ಟಿತ್ತು. ಇಬ್ಬರೂ ಅತ್ತ ನೋಡಲಿಲ್ಲ.

ಆ ವಹಿ ಈಗ ತಿಜೋರಿಯಲ್ಲಿದೆ. ಅತ್ತೆಯನ್ನು ಮಾತ್ರ ನಾನು ಆಗಾಗ ಕೇಳುತ್ತೇನೆ. ಪ್ರತಿ ಸಲವೂ ಹೆಸರು ಹೇಳಿದ ಮೇಲೆ ಅವರು ಒಳಕೋಣೆಯತ್ತ ತಿರುಗಿ, ಅಲ್ಲಿಂದ "ಓ" ಎನ್ನುವ ದನಿಗೆ ಕಾಯುತ್ತಾರೆ.