ಒಗೆಯುವ ಕಲ್ಲಿನ ಮೇಲೆ ನಮ್ಮ ನೀರಿನ ಪರೀಕ್ಷೆ

ತೊಂಬತ್ತರ ದಶಕದ ಕೊನೆಯಲ್ಲಿ ಶ್ರೀರಂಗಪಟ್ಟಣದ ಚರಂಡಿ ನೀರು ಶುದ್ಧ ಮಾಡುವ ಹೊಸ ಘಟಕದ ಉಸ್ತುವಾರಿ ನನ್ನದಾಗಿತ್ತು. ಅಲ್ಲಿಯವರೆಗೆ ಊರಿನ ಕೊಳಚೆಯೆಲ್ಲ ನೇರವಾಗಿ ಕಾವೇರಿಗೇ ಸೇರುತ್ತಿತ್ತು. ಘಟಕದ ನೀರನ್ನು ಹೊಳೆಗೆ ಬಿಡಲು ಶುರುಮಾಡಿದ ದಿನವೇ, ಅಲ್ಲೇ ಕೆಳಗಡೆ ಬಟ್ಟೆ ಒಗೆಯುವ ಪುಟ್ಟಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಂದರು.

"ಊರ್ ಗಲೀಜ್ನೆಲ್ಲ ಒಂದೇ ಪೈಪಲ್ಲಿ ತಂದು ನನ್ ಕಲ್ ಮುಂದೆ ಬುಡ್ತಾ ಇದ್ದೀರಲ್ಲ! ನಾತ ಹೊಡುದ್ರೆ ನಂಗ್ಯಾರ್ ಸ್ವಾಮಿ ಬಟ್ಟೆ ಕೊಟ್ಟಾರು?"

ನಾನು ಅವರನ್ನು ಘಟಕದೊಳಗೆ ನೀರು ಶುದ್ಧವಾಗುವ ಕೊಳಗಳ ಹತ್ತಿರ ಕರೆದೊಯ್ದೆ. ಕೆಸರು ತಳಕ್ಕಿಳಿಯುತ್ತದೆ, ಉಳಿದ ಕೊಳೆಯನ್ನು ಕಣ್ಣಿಗೆ ಕಾಣದ ಹುಳುಗಳು ತಿನ್ನುತ್ತವೆ, ತಿಳಿಯಾದ ನೀರಷ್ಟೇ ಹೊಳೆಗೆ ಹೋಗುತ್ತದೆ ಎಂದೆ.

"ಕಾಣ್ದೆ ಇರೋ ಹುಳ ನಂಬ್ಕಂಡು ಕೂರಕ್ಕಾಯ್ತದಾ? ನಿಮ್ ಅಂಗಿ ಬಿಚ್ಕೊಡಿ."

ಬೇರೆ ದಾರಿ ಕಾಣದೆ ಬಿಳಿ ಅಂಗಿ ಬಿಚ್ಚಿಕೊಟ್ಟು, ಬನೀನಿನಲ್ಲೇ ದಡದ ಮೇಲೆ ನಿಂತೆ. ಪುಟ್ಟಮ್ಮ ಪೈಪಿನ ನೀರು ಹೊಳೆಗೆ ಬೀಳುವ ಕಡೆಯೇ ಅಂಗಿ ಅದ್ದಿ, ಸೋಪು ಹಚ್ಚದೆ ಕಲ್ಲಿಗೆ ಬಡಿದರು. ಬಿಸಿಲಿಗೆ ಹಿಡಿದರು, ಮೂಸಿದರು.

"ನಾತ ಇಲ್ಲ, ಬಣ್ಣಾನೂ ಕೆಟ್ಟಿಲ್ಲ. ಕಾಲರಲ್ಲಿ ಮಾತ್ರ ಒಸಿ ಕೊಳೆ ಅದೆ."

ನನ್ನ ಮುಖ ಬಾಡಿದ್ದು ಅವರಿಗೆ ಕಂಡಿರಬೇಕು.

"ಎದರ್ಕೋಬ್ಯಾಡಿ, ಅದು ನೀರಿಂದಲ್ಲ, ನಿಮ್ದೇಯ," ಎಂದು ನಕ್ಕರು.

ಮರುದಿನ ಬೆಳಿಗ್ಗೆ ಅವರು ಎಂದಿನಂತೆ ಅದೇ ಕಲ್ಲಿಗೆ ಬಟ್ಟೆ ಬಡಿಯುತ್ತಿರುವುದನ್ನು ಕಂಡು ಹಾಯೆನಿಸಿತು. ಆಮೇಲೆ ಎಷ್ಟೋ ಸಾಹೇಬರು ಬಂದು ನೀರು ಪರೀಕ್ಷಿಸಿ ಹೋದರು. ಅಂಥ ಪರೀಕ್ಷೆಯ ದಿನ ನಾನು ಮಾತ್ರ ಮೊದಲು ಕಾಲರ್ ನೋಡಿಕೊಳ್ಳುತ್ತಿದ್ದೆ.